ಮೃಗಶಿರಾ ಮಳೆಗೆ ಮುನ್ನ ಮನೆ ಬೇಲಿ ಗಟ್ಟಿಮಾಡಿಕೊಳ್ಳಿ

ಜೂನ್ ಮೊದಲ ವಾರ ದಾಟಿ ಮೃಗಶಿರಾ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಬೇಲಿ ಕೆಲಸಕ್ಕೆ ಮತ್ತೆ ಬಿಡುವು ಸಿಗುವುದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೇ. ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮಣ್ಣು ಅಗೆಯುವ ಹದಕ್ಕೆ ಬಂದಮೇಲೆ, ಮೇ 15ರೊಳಗೆ ಕಂಬದ ಕೆಲಸ ಮುಗಿಸಿಕೊಳ್ಳಿ. ಕಾಂಕ್ರೀಟಿಗೆ ಏಳು ದಿನ ನೀರು ಹಾಕಬೇಕು, ಬಣ್ಣ ಒಣಗಲು ಬಿಸಿಲು ಬೇಕು.

ಮಳೆಗಾಲದಲ್ಲಿ ಮಲಗಿದ ಬೇಲಿಗಳನ್ನು ಗಮನಿಸಿ: ತಂತಿ ಹೆಚ್ಚಾಗಿ ಹಾಗೇ ಇರುತ್ತದೆ, ಕೈಕೊಟ್ಟಿರುವುದು ಕಂಬದ ಬುಡ. ಆದ್ದರಿಂದ ಬುಡದಿಂದಲೇ ಶುರು ಮಾಡಿ. ಪ್ರತಿ ಕಂಬವನ್ನೂ ಎದೆಮಟ್ಟದಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕಣ್ಣು ಮಾತ್ರ ನೆಲದ ಮೇಲಿರಲಿ. ಬುಡದ ಸುತ್ತ ಮಣ್ಣು ಬಾಯಿಬಿಟ್ಟು ಬೆರಳು ತೂರುವಷ್ಟು ಸಂದಿ ಕಂಡರೆ, ಮೊದಲ ಮಳೆಯ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಒಳಗಿನ ಮಣ್ಣು ಕೆಸರಾಗಿ, ಗಾಳಿ ಬೀಸಿದಾಗ ಕಂಬ ವಾಲುತ್ತದೆ.

ಮರದ ಕಂಬವಾದರೆ ಬುಡದ ಮಣ್ಣನ್ನು ನಾಲ್ಕು ಇಂಚು ಬಿಡಿಸಿ, ನೆಲಮಟ್ಟದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಮರ ಕುಂಬಾಗಿದೆ, ಆ ಕಂಬವನ್ನು ಬದಲಿಸಲೇಬೇಕು. ನೆಲದ ಆಳದಲ್ಲಿ ಗಾಳಿ ಕಡಿಮೆ, ಮೇಲುಭಾಗ ಬೇಗ ಆರುತ್ತದೆ. ಗಾಳಿ, ತೇವ ಎರಡೂ ಸೇರುವುದು ನೆಲಮಟ್ಟದಲ್ಲಿ, ಹಾಗಾಗಿ ಬೂಷ್ಟು ಹಿಡಿಯುವುದೂ ಅಲ್ಲೇ. ಸಿಲ್ವರ್ ಓಕ್ ಮರ ತೋಟದಲ್ಲೇ ಸಿಗುತ್ತದೆಂದು ಹಸಿಯಾಗಿ ಕಡಿದು ನೆಡುವುದು ಉಳಿತಾಯವಲ್ಲ, ಮಣ್ಣಿನಲ್ಲಿ ಅದು ಬಾಳಿಕೆ ಬರುವುದಿಲ್ಲ. ಹಾಕಲೇಬೇಕಿದ್ದರೆ ತೊಗಟೆ ತೆಗೆದು ಚೆನ್ನಾಗಿ ಒಣಗಿಸಿ, ಹೂಳುವ ಭಾಗಕ್ಕೂ ನೆಲದಿಂದ ಆರು ಇಂಚು ಮೇಲಕ್ಕೂ ಎರಡು ಸಲ ಡಾಂಬರು ಬಳಿಯಿರಿ. ಗಾಡಿಯ ಹಳೇ ಆಯಿಲ್ ಬೇಡ, ಮಳೆಯಲ್ಲಿ ಅದು ತೊಳೆದು ಬಾವಿಗೂ ತೋಡಿಗೂ ಸೇರುತ್ತದೆ.

ಹೊಸ ಕಂಬ ಏಳು ಅಡಿಯದಾದರೆ ಎರಡು ಅಡಿ ಹೂಳಬೇಕು, ಮೂಲೆ ಕಂಬ ಮತ್ತು ಗೇಟಿನ ಕಂಬವನ್ನು ಎರಡೂವರೆ ಅಡಿ. ಅದಕ್ಕೆ ತಕ್ಕಂತೆ ಆ ಕಂಬಗಳು ಅರ್ಧ ಅಡಿ ಉದ್ದವಿರಲಿ. ಗುಂಡಿಯ ತಳಕ್ಕೆ ಮೂರು ನಾಲ್ಕು ಇಂಚು ಜಲ್ಲಿ ಹಾಕಿ, ನೀರು ಇಳಿದುಹೋಗಲಿ. ಕಲ್ಲುಕಂಬಕ್ಕೆ ಕಾಂಕ್ರೀಟ್ ಇಲ್ಲದೆಯೂ ನಡೆಯುತ್ತದೆ: ಆರು ಇಂಚು ಮಣ್ಣು, ಮೇಲೆ ಬೋಳುಗಲ್ಲು, ಹಾರೆಯ ಹಿಂಬದಿಯಿಂದ ಗುದ್ದು, ಮತ್ತೆ ಆರು ಇಂಚು. ಗುಂಡಿ ತುಂಬ ಒಮ್ಮೆಗೇ ಮಣ್ಣು ಸುರಿದು ಮೇಲಿಂದ ತುಳಿದರೆ ಒಳಗೆಲ್ಲ ಪೊಳ್ಳು ಉಳಿಯುತ್ತದೆ. ಕಾಂಕ್ರೀಟ್ ಹಾಕುವುದಾದರೆ ಸಿಮೆಂಟ್, ಮರಳು, ಜಲ್ಲಿ 1:2:4 ಅಳತೆ. ಒಂದಡಿ ಚೌಕ, ಎರಡಡಿ ಆಳದ ಗುಂಡಿಗಳಾದರೆ ಒಂದು ಮೂಟೆ ಸಿಮೆಂಟಿಗೆ ಸುಮಾರು ಮೂರು ತುಂಬುತ್ತವೆ. ಮೇಲ್ಮೈಯನ್ನು ನೆಲಕ್ಕಿಂತ ಎರಡು ಇಂಚು ಎತ್ತರಿಸಿ, ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿ. ಬಟ್ಟಲಿನಂತೆ ತಗ್ಗು ಬಿಟ್ಟರೆ ನಾಲ್ಕು ತಿಂಗಳೂ ಅಲ್ಲಿ ನೀರು ನಿಂತೇ ಇರುತ್ತದೆ.

ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಅಂಚಿನಲ್ಲಿ ಬೇಲಿ ಇದ್ದರೆ ಎಚ್ಚರ ಹೆಚ್ಚು ಬೇಕು. ಕಂಬಗಳು ಅಂಚಿನಿಂದ ಕನಿಷ್ಠ ಮೂರಡಿ ಒಳಗಿರಲಿ. ಅಂಚಿಗೆ ಉದ್ದುದ್ದ ಬಿರುಕು ಕಂಡರೆ ಅಲ್ಲಿ ಹೊಸ ಗುಂಡಿ ತೋಡಲೇಬೇಡಿ, ಬೇಲಿಯನ್ನು ಹಿಂದಕ್ಕೆ ಸರಿಸಿ. ಮೇಲ್ಭಾಗದ ನೀರನ್ನು ಬೇಲಿಗೆ ಎರಡಡಿ ದೂರದಲ್ಲಿ, ಒಂದಡಿ ಆಳದ ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಿ, ಬರೆಯ ಮೇಲೆ ಬಿಡಬೇಡಿ. ಜಾಲರಿ ಬೇಲಿಯಾದರೆ ನೀರು ಹಾಯುವ ಕಡೆ ಅಡಿಯಂಚನ್ನು ನೆಲದಿಂದ ಮೂರು ಇಂಚು ಎತ್ತಿ ಕಟ್ಟಿ. ಇಲ್ಲವಾದರೆ ತರಗೆಲೆ ಕಣ್ಣುಗಳಿಗೆಲ್ಲ ಮೆತ್ತಿಕೊಂಡು ಬೇಲಿಯೇ ಕಟ್ಟೆಯಾಗುತ್ತದೆ, ಹಿಂದೆ ನಿಂತ ನೀರು ಅದನ್ನು ತಳ್ಳಿ ಮಲಗಿಸುತ್ತದೆ.

ತಂತಿಯ ಕೆಲಸ ಇದರಷ್ಟಿಲ್ಲ. ಸಡಿಲಾದದ್ದನ್ನು ಎಳೆದು ಕಟ್ಟಿ, ಕೆಂಪಗೆ ತುಕ್ಕು ಹಿಡಿದು ತೆಳುವಾದ ತುಂಡನ್ನು ಬದಲಿಸಿ. ಹೊಸದಕ್ಕೆ 12 ಗೇಜಿನ ಜಿಐ (ಸತು ಲೇಪಿಸಿದ) ಮುಳ್ಳುತಂತಿ ತನ್ನಿ. ಎಳೆಯುವ ಮೊದಲು ಮೂಲೆ ಕಂಬಗಳಿಗೆ ತಂತಿ ಎಳೆಯುವ ದಿಕ್ಕಿನಲ್ಲಿ ಓರೆಯಾಗಿ ಊರೆ (ಆಸರೆ ಕಂಬ) ಕೊಡಿ. ಊರೆಯಿಲ್ಲದೆ ಬಿಗಿದರೆ ಮೂಲೆ ಕಂಬ ಒಳಕ್ಕೆ ವಾಲಿ ಇಡೀ ಸಾಲು ಸಡಿಲವಾಗುತ್ತದೆ. ಹಾಲುವಾಣದಂಥ ಜೀವಂತ ಮರಕ್ಕೆ ತಂತಿಯನ್ನು ನೇರವಾಗಿ ಹೊಡೆಯದೆ, ಮೊದಲು ಒಂದು ರೀಪು ಹೊಡೆದು ಅದಕ್ಕೆ ಕಟ್ಟಿ. ಮರ ದಪ್ಪಗಾಗುತ್ತ ತಂತಿಯನ್ನು ನುಂಗುವುದು ತಪ್ಪುತ್ತದೆ.

ಕಬ್ಬಿಣದ ಗೇಟಿನ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಒಂದು ಕೋಟು, ಮೇಲೆ ಇನಾಮೆಲ್ ಎರಡು. ಕೆಳಪಟ್ಟಿಯ ಒಳಮೈ ಮರೆಯಬೇಡಿ, ತುಕ್ಕು ಮೊದಲು ತಿನ್ನುವುದು ಅದನ್ನೇ. ಮರದ ಗೇಟು ಮಳೆಗೆ ಉಬ್ಬುತ್ತದೆ, ಚಿಲಕದ ಕಡೆ ಅರ್ಧ ಇಂಚು ಸಂದಿ ಇರಲಿ. ಕೀಲುಗಳಿಗೆ ಗ್ರೀಸ್.

ತೋಟದ ನೆರಳು ಮರಗಳ ಕೊಂಬೆ ಸವರುವ ಮರಗಸಿಗೆ ಆಳು ಬಂದಾಗಲೇ ಬೇಲಿಯ ಮೇಲೆ ಬಾಗಿದ ಕೊಂಬೆಗಳನ್ನೂ ತೆಗೆಸಿ. ಸೋಲಾರ್ ಬೇಲಿಯಿದ್ದರೆ ತಂತಿಗೆ ತಾಗುವ ಕಾಡುಗಿಡಗಳನ್ನು ಮಳೆಗಾಲವಿಡೀ ಸವರುತ್ತಿರಬೇಕು, ಹಸಿ ಹುಲ್ಲು ತಾಗಿದಲ್ಲೆಲ್ಲ ಕರೆಂಟು ನೆಲಕ್ಕೆ ಸೋರಿ ಬೇಲಿಗೆ ಶಕ್ತಿಯೇ ಉಳಿಯುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ, ಕಾನೂನಿನಲ್ಲೂ ಅಪರಾಧ.

ಗಾಳಿಮಳೆಯ ರಾತ್ರಿ ಕಳೆದ ಬೆಳಿಗ್ಗೆ ಬೇಲಿ ಮುಟ್ಟುವ ಮೊದಲು ಅದರ ಉದ್ದಕ್ಕೂ ದೂರದಿಂದಲೇ ನೋಡಿ. ಎಲ್ಲೋ ನೂರು ಅಡಿ ಆಚೆ ವಿದ್ಯುತ್ ತಂತಿ ಹರಿದು ಮುಳ್ಳುತಂತಿಯ ಮೇಲೆ ಬಿದ್ದಿದ್ದರೂ ಇಡೀ ಸಾಲಿನಲ್ಲಿ ಕರೆಂಟು ಹರಿಯಬಹುದು. ಹಾಗೆ ಕಂಡರೆ ಮಕ್ಕಳನ್ನೂ ದನಗಳನ್ನೂ ಆ ಕಡೆ ಬಿಡದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ಕರೆಂಟು ತೆಗೆಯುವವರೆಗೆ ಕೋಲಿನಿಂದಲೂ ಮುಟ್ಟಬೇಡಿ.