ಇಂಜಿನ್ ಕೆಲಸ ಆಯ್ತು, ಆಯಿಲ್ ಪ್ರೆಷರ್ ಏಳುತ್ತಿಲ್ಲವೇ?

ಹಳೇ ಟಾಟಾ ಲಾರಿಗಳ 692 ಇಂಜಿನ್ ಗೊತ್ತಲ್ವಾ? ಆರು ಸಿಲಿಂಡರ್, 92 ಮಿ.ಮೀ. ಬೋರ್, ಹೆಸರಿನಲ್ಲೇ ಲೆಕ್ಕ ಇದೆ. ನಮ್ಮ ಸೋದರಮಾವನ ಲಾರಿಯದ್ದೂ ಅದೇ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್, ಪಿಸ್ಟನ್ ಎಲ್ಲ ಹಾಕಿ ಕೂರಿಸಿದ್ದಾಯಿತು. ತಣ್ಣಗಿದ್ದಾಗಲೇ ಗೇಜ್ ಮುಳ್ಳು ಅರೆಮನಸ್ಸಿನಿಂದ ಏಳುತ್ತಿತ್ತು, ಇಪ್ಪತ್ತು ಕಿ.ಮೀ. ಓಡಿಸಿ ಬಂದು ಐಡಲ್‌ನಲ್ಲಿ ನಿಲ್ಲಿಸಿದರೆ ಸೊನ್ನೆಯ ಹತ್ತಿರ ಮಲಗುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ: ಪಂಪ್ ಬದಲಾಯಿಸಿ.

ಪಂಪ್ ಆಯಿಲನ್ನು ತಳ್ಳುತ್ತದೆ, ಅಷ್ಟೇ. ಪ್ರೆಷರ್ ಬರುವುದು ಮುಂದೆ ಬೇರಿಂಗ್‌ಗಳಲ್ಲಿರುವ ಬಿಗಿ ಸಂದುಗಳಿಂದ. ತೋಟದ ಡ್ರಿಪ್ ಪೈಪಿನ ಒಂದು ಎಂಡ್ ಕ್ಯಾಪ್ ಕಳಚಿಕೊಂಡರೆ ಮೋಟಾರ್ ಚೆನ್ನಾಗಿದ್ದರೂ ಕೊನೇ ಗಿಡಕ್ಕೆ ನೀರು ಹೋಗಲ್ಲ. ಇದೂ ಹಾಗೇ.

ಮೊದಲು ಗೇಜನ್ನು ನಂಬಬೇಡಿ. ಬ್ಲಾಕ್‌ಗೆ ನೇರವಾಗಿ ಒಂದು ಒಳ್ಳೆಯ ಮೆಕ್ಯಾನಿಕಲ್ ಗೇಜ್ ಕಟ್ಟಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿ. ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ 0.7 ಕೆ.ಜಿ. (ಚದರ ಸೆಂ.ಮೀ.ಗೆ) ಅನ್ನುವುದು ಗ್ಯಾರೇಜ್ ಅಂದಾಜು. ಮ್ಯಾನ್ಯುಯಲ್ ಸಿಕ್ಕರೆ ಅದರ ಅಂಕಿಯೇ ಅಂತಿಮ.

ಪ್ರೆಷರ್ ನಿಜಕ್ಕೂ ಕಡಿಮೆ ಇದ್ದರೆ ಅದರ ವರ್ತನೆ ಗಮನಿಸಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಾಗ ಬಿದ್ದರೆ ಬೇರಿಂಗ್ ಸಡಿಲ, ಇಲ್ಲವೇ ಆಯಿಲ್ ತೆಳುವಾಗಿದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದರೆ ಅದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಮುಳ್ಳು ನಡುಗುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿದೆ, ಸಕ್ಷನ್ ಪೈಪಿನ ಜಾಯಿಂಟ್ ನೋಡಬೇಕು. ತಣ್ಣಗಿದ್ದಾಗಲೂ ಕಡಿಮೆ ಇದ್ದರೆ ರಿಲೀಫ್ ವಾಲ್ವ್ (ಪ್ರೆಷರ್ ಜಾಸ್ತಿಯಾದರೆ ಆಯಿಲನ್ನು ವಾಪಸ್ ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿರಬಹುದು, ಆಯಿಲ್ ದಾರಿ ಮುಚ್ಚುವ ಪ್ಲಗ್ ಎಲ್ಲೋ ಬಿಟ್ಟುಹೋಗಿರಬಹುದು. ರಿಲೀಫ್ ವಾಲ್ವ್ ಬಿಚ್ಚಿ ತೊಳೆಯಿರಿ, ಸ್ಪ್ರಿಂಗ್ ಮುರಿದಿದೆಯಾ ನೋಡಿ. ಸುಮ್ನೆ ಸ್ಪ್ರಿಂಗ್ ಹಿಂದೆ ವಾಷರ್ ಇಡಬೇಡಿ. ಅದರಿಂದ ಹೆಚ್ಚುವುದು ರೇಸ್ ಮಾಡಿದಾಗಿನ ಪ್ರೆಷರ್, ಐಡಲ್‌ನದ್ದಲ್ಲ.

ಇಷ್ಟಕ್ಕೂ ಸರಿಹೋಗದಿದ್ದರೆ ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ. ಪಂಪ್ ಆಯಿಲ್ ಎಳೆಯುವ ಕಡೆಯ ಸ್ಟ್ರೈನರ್ ಜಾಲರಿಯಲ್ಲಿ ವೇಸ್ಟ್ ಬಟ್ಟೆಯ ನೂಲು, ಜಾಸ್ತಿ ಬಳಿದ ಗ್ಯಾಸ್ಕೆಟ್ ಪೇಸ್ಟಿನ ಚೂರು ಕೂತಿರುತ್ತವೆ. ಹೊಸದಾಗಿ ಕೆಲಸ ಆದ ಇಂಜಿನ್‌ನಲ್ಲಿ ಇದು ತೀರಾ ಸಾಮಾನ್ಯ.

ಈಗ ನನಗೆ ಇಷ್ಟವಾದ ಪರೀಕ್ಷೆ. ಔಷಧಿ ಹೊಡೆಯುವಂಥ ಸಣ್ಣ ಪ್ರೆಷರ್ ಪಂಪ್ ಒಂದನ್ನು ಹೊಸದೇ ತನ್ನಿ (ವಿಷ ತುಂಬಿದ್ದು ಬೇಡ), ಇಂಜಿನ್ ಆಯಿಲ್ ತುಂಬಿಸಿ, ಗೇಜ್ ಕೂರುವ ತೂತಿಗೆ ಪೈಪ್ ಕಟ್ಟಿ ಗಾಳಿ ಹೊಡೆಯಿರಿ. ಟಾರ್ಚ್ ಹಿಡಿದು ಕೆಳಗೆ ಮಲಗಿ. ಕ್ರ್ಯಾಂಕನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾ ಹೋಗಿ, ಯಾಕೆಂದರೆ ತೂತುಗಳು ಎದುರುಬದುರಾದಾಗ ಆಯಿಲ್ ಜಾಸ್ತಿ ಸುರಿಯುವುದು ಸಹಜ. ಎಲ್ಲ ಬೇರಿಂಗ್‌ಗಳಿಂದಲೂ ತೊಟ್ಟಿಕ್ಕಬೇಕು. ಒಂದೇ ಕಡೆ ಧಾರೆ ಕಟ್ಟಿದರೆ ಕಳ್ಳ ಸಿಕ್ಕಿದ. ಮಾವನ ಇಂಜಿನ್‌ನಲ್ಲಿ ಧಾರೆ ಬರುತ್ತಿದ್ದದ್ದು ಬೇರಿಂಗ್‌ನಿಂದಲ್ಲ, ಮುಂಭಾಗದ ಟೈಮಿಂಗ್ ಗೇರ್ ಕಡೆಯಿಂದ: ಬ್ಲಾಕ್ ತೊಳೆಯಲು ಬಿಚ್ಚಿದ್ದ ಗ್ಯಾಲರಿ (ಬ್ಲಾಕ್ ಒಳಗಿನ ಆಯಿಲ್ ದಾರಿ) ಪ್ಲಗ್ಗನ್ನು ಯಾರೋ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮರೆತಿದ್ದರು.

ಧಾರೆ ಬೇರಿಂಗ್‌ನಿಂದಲೇ ಬಂದರೆ ಕ್ಯಾಪ್ ಬಿಚ್ಚಿ ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು, ಸರಿಯಾದ ಟಾರ್ಕ್‌ಗೆ ಬಿಗಿದು, ಸಂದು ಅಳೆಯಿರಿ. 60 ಮಿ.ಮೀ. ಜರ್ನಲ್‌ಗೆ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) ಸುಮಾರು 0.06 ಮಿ.ಮೀ. ಅಂತ ಅಂದಾಜಿಟ್ಟುಕೊಳ್ಳಿ. ಸಂದು ಎರಡು ಪಟ್ಟಾದರೆ ಆಯಿಲ್ ಸೋರುವುದು ಎಂಟು ಪಟ್ಟಾಗುತ್ತದೆ! ಕ್ರ್ಯಾಂಕನ್ನು 0.50 ಮಿ.ಮೀ. ಗ್ರೈಂಡ್ ಮಾಡಿ 0.25ರ ಬೇರಿಂಗ್ ಹಾಕಿದ ಇಂಜಿನ್‌ಗೆ ಯಾವ ಹೊಸ ಪಂಪೂ ಪ್ರೆಷರ್ ಕೊಡಲ್ಲ. ಕ್ಯಾಮ್ ಬುಷ್, ರಾಕರ್ ಶಾಫ್ಟ್‌ಗಳನ್ನೂ ನೋಡಿ, ಹಳೆಯದನ್ನೇ ಹಾಕಿರುತ್ತಾರೆ.

ಮತ್ತೆ ಜೋಡಿಸುವಾಗ ಪಂಪಿನ ಗೇರುಗಳಿಗೆ ಆಯಿಲ್ ತುಂಬಿಸಿ, ಫಿಲ್ಟರ್‌ಗೂ ಹಾಕಿ. ಇಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಎಳೆದು ಹಿಡಿದು, ಮಧ್ಯೆ ಮಧ್ಯೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಮುಳ್ಳು ಎದ್ದ ಮೇಲೇ ಸ್ಟಾರ್ಟ್ ಮಾಡಿ.

ಮಾವನ ಲಾರಿ ಈಗ ಬಿಸಿ ಐಡಲ್‌ನಲ್ಲಿ ಒಂದು ಕೆ.ಜಿ.ಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. ಆತುರಪಟ್ಟು ತಂದಿದ್ದ ಹೊಸ ಪಂಪ್ ಇನ್ನೂ ಸೀಟಿನ ಕೆಳಗೆ ಡಬ್ಬದಲ್ಲೇ ಇದೆ.