ಗೇಜಿನ ಮುಳ್ಳು ಎಲ್ಲಿಗೆ ನಿಲ್ಲಬೇಕು? ಬೈಕಿನ ಕಂಪ್ರೆಷನ್ ಅಳೆಯುವುದು ಹೀಗೆ

ಸಿಂಧನೂರು, ಮಾನ್ವಿ ಕಡೆ ಭತ್ತದ ಕೊಯ್ಲು ಶುರುವಾದರೆ ರಸ್ತೆ ತುಂಬಾ ದೂಳು. ಏರ್ ಫಿಲ್ಟರ್ ಹಾಳಾಗಿದ್ದರೆ ಆ ದೂಳು ಎಂಜಿನ್ ಒಳಗೆ ಹೋಗಿ ರಿಂಗು (ಪಿಸ್ಟನ್ ಸುತ್ತಲಿನ ಬಳೆ), ಬೋರು (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ) ಎರಡನ್ನೂ ಬೇಗ ಸವೆಸುತ್ತದೆ. ಹಾಗಾಗಿ ಗಾಡಿ ಎಳೆಯುತ್ತಿಲ್ಲ ಎಂದ ಕೂಡಲೇ ಮೆಕ್ಯಾನಿಕ್, ‘ಕಂಪ್ರೆಷನ್ ಇಲ್ಲ ಅಣ್ಣಾ, ಬೋರಿಗೆ ಬಂದದ’ ಅನ್ನುವುದು ಸಹಜ. ಅದು ನಿಜವೂ ಇರಬಹುದು. ಆದರೆ ಕಿಕ್ ಹಗುರಾಗಿದೆ ಎಂಬ ಒಂದೇ ಕಾರಣಕ್ಕೆ ಎಂಜಿನ್ ಬಿಚ್ಚಲು ಒಪ್ಪಬೇಡಿ. ಮೊದಲು ಕಂಪ್ರೆಷನ್ ಗೇಜ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಜೋರಾಗಿ ಒತ್ತುತ್ತದೆ ಎಂದು ತೋರಿಸುವ ಮೀಟರ್, ಹಾಕಿ ನೋಡಿ. ಬಂದ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ.

ಅಂಕಿ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ. 100 ಸಿಸಿ ಎಂಜಿನ್‌ನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ 12.5 ಸಿಸಿ ಜಾಗ ಉಳಿಯುತ್ತದೆ ಅಂದುಕೊಳ್ಳಿ. ಪಿಸ್ಟನ್ ಕೆಳಗಿದ್ದಾಗ ಒಟ್ಟು ಜಾಗ 112.5 ಸಿಸಿ. ಅದನ್ನು 12.5ರಿಂದ ಭಾಗಿಸಿದರೆ 9. ಇದೇ 9:1 ಕಂಪ್ರೆಷನ್ ರೇಶಿಯೊ.

ಹಾಗಾದರೆ ಒತ್ತಡವೂ 9 ಪಟ್ಟು ಆಗಬೇಕಲ್ವಾ? ಆಗುವುದಿಲ್ಲ, ಅದಕ್ಕಿಂತ ಜಾಸ್ತಿ ಆಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವ ಹಾಗೆ, ಒತ್ತಿದ ಗಾಳಿ ಬಿಸಿಯಾಗಿ ಇನ್ನಷ್ಟು ಒತ್ತುತ್ತದೆ. ಒಂಚೂರೂ ಸೋರದೆ, ಬಿಸಿ ಹೊರಗೆ ಹೋಗದೆ ಇದ್ದರೆ ಒತ್ತಡ ಸುಮಾರು 22 ಪಟ್ಟು ಏರಬೇಕು. ನಿಜದಲ್ಲಿ ಸಿಲಿಂಡರ್ ಗೋಡೆ ಬಿಸಿಯನ್ನು ಎಳೆದುಕೊಳ್ಳುತ್ತದೆ, ರಿಂಗ್ ಸಂದಿಯಲ್ಲಿ ಸ್ವಲ್ಪ ಗಾಳಿ ಸೋರುತ್ತದೆ. ಜೊತೆಗೆ, ಪಿಸ್ಟನ್ ಮೇಲೇರಲು ಶುರುಮಾಡಿದ ಮೇಲೇ ಇನ್‌ಲೆಟ್ ವಾಲ್ವ್ (ಗಾಳಿಯನ್ನು ಒಳಗೆ ಬಿಡುವ ಬಾಗಿಲು) ಮುಚ್ಚುತ್ತದೆ. ಹೀಗಾಗಿ 9:1 ಇರುವ ಒಳ್ಳೆಯ ಎಂಜಿನ್ ಗೇಜಿನಲ್ಲಿ ಸುಮಾರು 150ರಿಂದ 180 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತೋರಿಸುತ್ತದೆ. ಇದು ಅಂದಾಜು ಮಾತ್ರ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ರಾಯಚೂರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇ 4ರಿಂದ 5 ಕಡಿಮೆ. ಗೇಜಿನಲ್ಲಿ ಅಷ್ಟು ಇಳಿದರೆ ಚಿಂತೆ ಬೇಡ.

ಈಗ ಅಳೆಯುವ ಕೆಲಸ. ಗಾಡಿಯನ್ನು ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ. ಪ್ಲಗ್ ಬಿಚ್ಚುವ ಮುಂಚೆ ಅದರ ಸುತ್ತಲಿನ ದೂಳನ್ನು ಗಾಳಿ ಹೊಡೆದು ತೆಗೆಯಿರಿ. ನಮ್ಮ ಕಡೆ ಈ ಕೆಲಸ ಬಿಡಲೇಬಾರದು, ಇಲ್ಲದಿದ್ದರೆ ಆ ಮಣ್ಣೆಲ್ಲ ನೇರ ಸಿಲಿಂಡರ್‌ಗೆ ಬೀಳುತ್ತದೆ. ಪ್ಲಗ್ ತೆಗೆದು, ಅದೇ ಅಳತೆಯ ಮರೆ (ತಿರುಪಿನ ಸುತ್ತು) ಇರುವ ಗೇಜನ್ನು ಕೈಯಲ್ಲೇ ಬಿಗಿಮಾಡಿ. ಕೀ ಆಫ್ ಇರಲಿ. ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿಯಿರಿ. ಹಾಗೆ ಹಿಡಿಯದಿದ್ದರೆ ಗಾಳಿ ಸಾಕಷ್ಟು ಒಳಗೆ ಬರದೆ, ಚೆನ್ನಾಗಿರುವ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಮುಳ್ಳು ಮುಂದೆ ಹೋಗದೆ ನಿಲ್ಲುವವರೆಗೆ ಜೋರಾಗಿ ಕಿಕ್ ಹೊಡೆಯಿರಿ. ಸಾಮಾನ್ಯವಾಗಿ ಐದಾರು ಕಿಕ್ ಸಾಕು.

ಅಂಕಿ ಕಡಿಮೆ ಬಂದರೆ ಮೊದಲು ಗೇಜನ್ನೇ ಪರೀಕ್ಷಿಸಿ. ಗಾಳಿ ವಾಪಸ್ ಬರದಂತೆ ತಡೆಯುವ ಪುಟ್ಟ ವಾಲ್ವ್ ಪೈಪಿನ ಪ್ಲಗ್ ತುದಿಯಲ್ಲಿ ಇರಬೇಕು. ಅದು ಗೇಜಿನ ಕಡೆ ಇದ್ದರೆ ಪೈಪಿನೊಳಗಿನ ಜಾಗವೂ ಪಿಸ್ಟನ್ ಮೇಲಿನ ಜಾಗಕ್ಕೆ ಸೇರಿಕೊಳ್ಳುತ್ತದೆ. ಬರೀ 3 ಸಿಸಿ ಸೇರಿದರೂ ನಮ್ಮ ಲೆಕ್ಕದ 12.5 ಈಗ 15.5 ಆಯಿತು. ರೇಶಿಯೊ 9ರಿಂದ ಸುಮಾರು 7.5ಕ್ಕೆ ಇಳಿಯಿತು. ಒತ್ತಡದ ಅಂಕಿ ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ಎಂಜಿನ್‌ನಲ್ಲಿ ಯಾವ ದೋಷವೂ ಇಲ್ಲದೆ ರಿಬೋರ್ (ಸವೆದ ಬೋರನ್ನು ಕೊರೆದು ಸರಿಮಾಡುವ ಕೆಲಸ) ಖರ್ಚು ಮಾಲೀಕನ ತಲೆಗೆ ಬರುವುದು ಹೀಗೆ. ದೊಡ್ಡ ಕಾರಿನ ಸಿಲಿಂಡರ್‌ನಲ್ಲಿ 3 ಸಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ. ಸಣ್ಣ ಬೈಕಿನಲ್ಲಿ ಅದೇ ದೊಡ್ಡ ತಪ್ಪು.

ಎಣ್ಣೆ ಹಾಕಿ ನೋಡುವ ಪರೀಕ್ಷೆಗೂ ಇದೇ ಲೆಕ್ಕ. ಪ್ಲಗ್ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಚೆನ್ನಾಗಿ ಏರಿದರೆ, ಆಯಿಲ್ ರಿಂಗ್ ಸಂದಿಯ ಸೋರಿಕೆ ತಡೆದಿದೆ, ಅಂದರೆ ರಿಂಗು, ಬೋರು ಸವೆದಿವೆ ಎಂದರ್ಥ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ಹಾಕಿದ ಹಾಳೆ) ಮೇಲೆ ಅನುಮಾನ. ಆದರೆ ಒಂದು ಚಮಚ, ಅಂದರೆ 5 ಸಿಸಿ ಆಯಿಲ್ ಸುರಿದರೆ ಉಳಿಯುವ ಜಾಗ 7.5 ಸಿಸಿ ಮಾತ್ರ. ರೇಶಿಯೊ 14 ದಾಟುತ್ತದೆ! ರಿಂಗು ಹೊಸದಿದ್ದರೂ ಮುಳ್ಳು ಏರುತ್ತದೆ. ಅದಕ್ಕೇ 100 ಸಿಸಿ ಬೈಕಿಗೆ 1 ಸಿಸಿ ಸಾಕು, ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದು ಹಾಕಿ. ಪಿಸ್ಟನ್ ತಲೆಯ ಮೇಲೆ ಕಟ್ಟಿದ ಕಾರ್ಬನ್ ಕೂಡ ಹೀಗೇ ಜಾಗ ತಿಂದು ಅಂಕಿಯನ್ನು ಏರಿಸುತ್ತದೆ. ಹಾಗಾಗಿ ಹಳೇ ಗಾಡಿಯಲ್ಲಿ ಅಂಕಿ ಜಾಸ್ತಿ ಬಂತೆಂದು ಖುಷಿಪಡುವಂತಿಲ್ಲ.

ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದಿ) ನೋಡದೆ ಮಾತ್ರ ಹೆಡ್ ಬಿಚ್ಚಿಸಬೇಡಿ. ಟ್ಯಾಪೆಟ್ ತೀರಾ ಟೈಟ್ ಇದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ. ಎಂಜಿನ್ ತಣ್ಣಗಿದ್ದಾಗ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸಂದಿ ಬಿಟ್ಟು, ಮತ್ತೆ ಅಳೆಯಿರಿ.

ಇದೇ ಗೇಜನ್ನು ಟ್ರ್ಯಾಕ್ಟರಿಗೆ ಹಾಕಬೇಡಿ. ಡೀಸೆಲ್ ಎಂಜಿನ್‌ಗಳ ರೇಶಿಯೊ ಸಾಮಾನ್ಯವಾಗಿ 16ರ ಮೇಲೆ ಇರುತ್ತದೆ, ಒತ್ತಡ 350 ಪಿಎಸ್‌ಐ ದಾಟುವುದು ಮಾಮೂಲು. 300ರವರೆಗೆ ಮಾತ್ರ ಅಂಕಿ ಇರುವ ಪೆಟ್ರೋಲ್ ಗೇಜ್ ಅದನ್ನು ತಾಳುವುದಿಲ್ಲ. ಅದಕ್ಕೆ 1000 ಪಿಎಸ್‌ಐವರೆಗಿನ ಡೀಸೆಲ್ ಗೇಜ್ ಬೇರೆಯೇ ಸಿಗುತ್ತದೆ.