ನಿಂಟೆಂಡೊ 64: ಎಸ್-ವಿಡಿಯೊ ಕೇಬಲ್‌ನ ಚುಕ್ಕಿಕಾಟ ಬಿಡಿಸುವ ಬಗೆ

ನಿಂಟೆಂಡೊ 64 ಗೇಮ್ ಕನ್ಸೋಲನ್ನು ಟಿವಿಗೆ ಜೋಡಿಸಲು ಅಗ್ಗದ ಎಸ್-ವಿಡಿಯೊ ಕೇಬಲ್ ಹಾಕಿದಾಗ ಆಕಾಶ, ಗೋಡೆಯಂಥ ಒಂದೇ ಬಣ್ಣದ ಜಾಗಗಳಲ್ಲಿ ಚದುರಂಗದ ಹಾಸಿನಂತೆ ಚುಕ್ಕಿಗಳು ಕಂಡರೆ, ಮೊದಲು ಕೇಬಲನ್ನೇ ಅನುಮಾನಿಸಿ. ಎಸ್-ವಿಡಿಯೊದಲ್ಲಿ ಬೆಳಕು (ಲೂಮಾ) ಒಂದು ತಂತಿಯಲ್ಲಿ, ಬಣ್ಣ (ಕ್ರೋಮಾ) ಇನ್ನೊಂದರಲ್ಲಿ ಹೋಗಬೇಕು. ಹಳದಿ ಪ್ಲಗ್‌ನ ಕಾಂಪೊಸಿಟ್‌ನಲ್ಲಿ ಎರಡೂ ಕಲಸಿರುತ್ತವೆ. ಎನ್‌ಟಿಎಸ್‌ಸಿಯಲ್ಲಿ (ಅಮೆರಿಕ, ಜಪಾನ್‌ಗಳ ಅನಲಾಗ್ ಟಿವಿ ಪದ್ಧತಿ) ಬಣ್ಣದ ಅಲೆ 3.58 ಮೆಗಾಹರ್ಟ್ಸ್. ಕಾಂಪೊಸಿಟ್ ತಂತಿ ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಇಲ್ಲದೆ ಲೂಮಾದ ಪಕ್ಕದಲ್ಲೇ ಹಾದರೆ ಅಲೆ ಸೋರುತ್ತದೆ, ಟಿವಿ ಅದನ್ನು ಬೆಳಕೆಂದುಕೊಂಡು ಚುಕ್ಕಿಯಾಗಿ ತೋರಿಸುತ್ತದೆ.

ಈ ವಿಧಾನ ಎನ್‌ಟಿಎಸ್‌ಸಿ ಕನ್ಸೋಲಿಗೆ ಮಾತ್ರ.

ಬೇಕಾದದ್ದು: ಮಲ್ಟಿಮೀಟರ್, ತೆಳು ಮೊನೆಯ ಸೋಲ್ಡರಿಂಗ್ ಐರನ್, 0.5 ಮಿ.ಮೀ. ಸೋಲ್ಡರ್, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ತಂತಿಗೆ ಬಿಗಿಯುವ ಕೊಳವೆ). ತಂತಿಯನ್ನೇ ಬದಲಿಸುವುದಾದರೆ 75 ಓಮ್‌ನ ತೆಳು ಕೋಆಕ್ಸ್ (ಶೀಲ್ಡ್ ಸುತ್ತಿದ ತಂತಿ), ಉದಾಹರಣೆಗೆ ಆರ್‌ಜಿ-179.

ಕನ್ಸೋಲಿಗೆ ಸಿಕ್ಕಿಸುವ 12 ಪಿನ್‌ಗಳ ಪ್ಲಗ್ಗನ್ನು ಅಂಟಿನ ಗೆರೆಯುದ್ದಕ್ಕೂ ಕೊಯ್ದು ಬಿಡಿಸಿ. ಪಿನ್‌ಗಳ ನಕ್ಷೆಯಿಂದಲೇ ಎಡಬಲ ಊಹಿಸಬೇಡಿ, ತಿರುಗುಮುರುಗಾಗುವುದೇ ಅಲ್ಲಿ. ಮಲ್ಟಿಮೀಟರ್‌ನಿಂದ ಬೀಪ್ ಪರೀಕ್ಷೆ ಮಾಡಿ (ಎರಡು ಜಾಗಗಳ ನಡುವೆ ಸಂಪರ್ಕವಿದ್ದರೆ ಅದು ಬೀಪ್ ಎನ್ನುತ್ತದೆ): ಆಡಿಯೊದ ಬಿಳಿ ಪ್ಲಗ್‌ನ ನಡುಮೊನೆ 11ನೇ ಪಿನ್‌ಗೆ, ಹಳದಿಯದು 9ಕ್ಕೆ, ಕೆಂಪಿನದು 12ಕ್ಕೆ ಬೀಪ್ ಕೊಡಬೇಕು. 11, 9, 7 ಒಂದೇ ಸಾಲಿನಲ್ಲಿ ಹೀಗೇ ಬರುತ್ತವೆ. 7 ಲೂಮಾ, ಅದರ ಎದುರಿನ 8 ಕ್ರೋಮಾ, 5 ಮತ್ತು 6 ಗ್ರೌಂಡ್. 9ರ ಎದುರಿನ 10ರಲ್ಲಿ 5 ವೋಲ್ಟ್ ಇರುತ್ತದೆ. ಸೋಲ್ಡರ್ ಹನಿ ಪಕ್ಕದ 8ಕ್ಕೆ ತಾಗಿದರೆ ಆ ವೋಲ್ಟೇಜ್ ನೇರ ಟಿವಿಗೆ ಹೋಗುತ್ತದೆ.

7 ಮತ್ತು 9ರ ನಡುವೆಯೇ ಬೀಪ್ ಬಂದರೆ ಅದು ಹೆಸರಿಗಷ್ಟೇ ಎಸ್-ವಿಡಿಯೊ: ಲೂಮಾ ಜಾಗಕ್ಕೆ ಕಾಂಪೊಸಿಟ್ಟನ್ನೇ ಜೋಡಿಸಿರುತ್ತಾರೆ. ಆ ಜೋಡಣೆ ಬಿಡಿಸಿ, ಎಸ್-ವಿಡಿಯೊ ಪ್ಲಗ್‌ನ 3ನೇ ಪಿನ್ನನ್ನು 7ಕ್ಕೆ, 4ನೆಯದನ್ನು 8ಕ್ಕೆ ಸೇರಿಸಿ.

ಚುಕ್ಕಿಗೆ ಮದ್ದು 9ರ ತಂತಿಯನ್ನು ಕನ್ಸೋಲ್ ತುದಿಯಲ್ಲೇ ಬಿಚ್ಚುವುದು. ಹಳದಿ ಪ್ಲಗ್ ಕತ್ತರಿಸಿ ಕೆಲಸ ಮುಗಿಯಿತೆನ್ನುವವರು ಬಹಳ. ಹಾಗೆ ಮಾಡಿದರೆ ತಂತಿಯುದ್ದಕ್ಕೂ ಸಿಗ್ನಲ್ ಹರಿಯುತ್ತಲೇ ಇರುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಬಿಚ್ಚಿದ ತುದಿಗೆ ಹೀಟ್‌ಶ್ರಿಂಕ್ ಹಾಕಿ. ಐರನ್ 330–350 ಡಿಗ್ರಿ ಸೆಲ್ಸಿಯಸ್ ಇರಲಿ, ಒಂದು ಪಿನ್ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಪ್ಲಾಸ್ಟಿಕ್ ಕರಗಿ ಪಿನ್ ವಾಲುತ್ತದೆ.

ಇಷ್ಟಾದರೂ ಮಸುಕಾದ ಓರೆಗೆರೆಗಳು ಉಳಿದರೆ ಲೂಮಾ, ಕ್ರೋಮಾಗಳ ನಡುವೆಯೇ ಸೋರಿಕೆ ಇದೆ. ಎರಡಕ್ಕೂ ಬೇರೆ ಬೇರೆ ಕೋಆಕ್ಸ್ ಎಳೆಯಿರಿ. ಶೀಲ್ಡ್‌ಗಳ ಒಂದು ತುದಿ 5 ಮತ್ತು 6ಕ್ಕೆ, ಇನ್ನೊಂದು ತುದಿ ಎಸ್-ವಿಡಿಯೊ ಪ್ಲಗ್‌ನ 1 ಮತ್ತು 2ಕ್ಕೆ. ಆಡಿಯೊದ ಗ್ರೌಂಡ್ ಮರೆತರೆ ಗುಂಯ್‌ಗುಡುತ್ತದೆ.

ಪವರ್ ಕೊಡುವ ಮುನ್ನ 10ರಿಂದ ಬೇರೆ ಯಾವ ಪಿನ್ನಿಗೂ ಬೀಪ್ ಬರಬಾರದು. ಚುಕ್ಕಿ ಹೋದಮೇಲೂ ಅಂಚುಗಳು ಕೊಂಚ ಮೆತ್ತಗೆ ಕಾಣುವುದು ಕನ್ಸೋಲ್ ಒಳಗಿನ ಫಿಲ್ಟರ್‌ನಿಂದ. ಅದು ಕೇಬಲ್‌ನಿಂದ ಸರಿಹೋಗುವಂಥದ್ದಲ್ಲ.